ಸ್ಟೇನ್‌ಲೆಸ್ ಮೇಲಿನ ಅಲ್ಯೂಮಿನಿಯಂ ಲೇಪ ಕಿತ್ತು ಬಂದಾಗ: ದೋಷ ಹುಡುಕುವ ಕೈಪಿಡಿ

ಕರಗಿದ ಅಲ್ಯೂಮಿನಿಯಂನಲ್ಲಿ ಅದ್ದಿ ತೆಗೆದ ಸ್ಟೇನ್‌ಲೆಸ್ ತುಂಡು ಕೆಟ್ಟರೆ ಬರುವ ದೂರು ಹೆಚ್ಚಾಗಿ ಒಂದೇ: "ಲೇಪ ಕಿತ್ತು ಬಂತು." ಈ ಒಂದು ಮಾತಿನ ಹಿಂದೆ ಎರಡು ತದ್ವಿರುದ್ಧ ಕಾಯಿಲೆಗಳಿವೆ. ಒಂದರಲ್ಲಿ ಉಕ್ಕೂ ಅಲ್ಯೂಮಿನಿಯಂ ದ್ರವವೂ ಒಂದನ್ನೊಂದು ಮುಟ್ಟಿಯೇ ಇರುವುದಿಲ್ಲ. ಇನ್ನೊಂದರಲ್ಲಿ ಅತಿಯಾಗಿ ಬೆರೆತು, ನಡುವೆ ಗಾಜಿನಂಥ ಗಡಸು ಪದರ ಬೆಳೆದಿರುತ್ತದೆ. ಮೊದಲನೆಯದಕ್ಕೆ ಕೊಡುವ ಮದ್ದು ಎರಡನೆಯದಕ್ಕೆ ವಿಷ.

ಆದರೂ ಎಲ್ಲರೂ ಮೊದಲು ಕೈ ಹಾಕುವುದು ಕುಲುಮೆಯ ತಾಪ ಏರಿಸುವ ಗುಂಡಿಗೆ. ನಾನೂ ಹಾಗೇ ಮಾಡಿದ್ದೆ. ಬೋಳು ಮಚ್ಚೆ ಕಂಡಿತೆಂದು 20 ಡಿಗ್ರಿ ಏರಿಸಿದೆ, ಹೋಗಲಿಲ್ಲವೆಂದು ಇನ್ನೂ 20 ಏರಿಸಿದೆ. ಮಚ್ಚೆಗಳು ಇದ್ದಲ್ಲೇ ಇದ್ದವು; ಅಲ್ಲಿಯವರೆಗೆ ಚೆನ್ನಾಗಿದ್ದ ಕಡೆಯೂ ಲೇಪ ಸಿಡಿಯತೊಡಗಿತು. ತಪ್ಪಿದ್ದದ್ದು ಕುಲುಮೆಯಲ್ಲಲ್ಲ, ಅದಕ್ಕೂ ಎರಡು ಹೆಜ್ಜೆ ಹಿಂದೆ, ತುಂಡಿನ ಮೈ ಶುಚಿಮಾಡುವ ಆಮ್ಲದ ತೊಟ್ಟಿಯಲ್ಲಿ. ಅದಕ್ಕೇ ಈ ಬರಹದಲ್ಲಿ ತಾಪ ಬದಲಿಸುವ ಮಾತು ತಡವಾಗಿ ಬರುತ್ತದೆ.

ನಡುವಿನ ಪದರದಲ್ಲಿ ಏನಿದೆ

ದ್ರವ ಅಲ್ಯೂಮಿನಿಯಂ ಉಕ್ಕನ್ನು ತಾಗಿದೊಡನೆ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಉಕ್ಕು ದ್ರವದೊಳಗೆ ಕರಗಿ ಹೋಗುತ್ತದೆ. ಗಡಿಯಲ್ಲಿ ಎರಡೂ ಲೋಹ ಸೇರಿ ಹೊಸ ಸಂಯುಕ್ತಗಳು ಹುಟ್ಟುತ್ತವೆ. ಇವೇ ಇಂಟರ್‌ಮೆಟಾಲಿಕ್ ಹಂತಗಳು. ಉಕ್ಕಿನ ಕಡೆ ದಪ್ಪಗೆ ಬೆಳೆಯುವುದು ಎರಡು ಕಬ್ಬಿಣ ಪರಮಾಣುವಿಗೆ ಐದು ಅಲ್ಯೂಮಿನಿಯಂ ಇರುವ ಹಂತ. ಲೋಹಶಾಸ್ತ್ರದವರು ಈಟಾ ಅನ್ನುತ್ತಾರೆ, ನಾವು 2-5 ಅನ್ನೋಣ. ಅಲ್ಯೂಮಿನಿಯಂ ಕಡೆ ತೆಳುವಾಗಿ ಇರುವುದು ಥೀಟಾ, ಅಂದರೆ 1-3 ಹಂತ; ನಿಖರವಾಗಿ ಲೆಕ್ಕ ಹಾಕಿದರೆ ಅದರ ಅನುಪಾತ 4ಕ್ಕೆ 13. ಇವೆರಡೂ ಗಡಸು, ಎರಡೂ ಪೆಡಸು. 2-5 ಹಂತದ ಗಡಸುತನ ಸುಮಾರು 1000 ವಿಕರ್ಸ್ (ವಜ್ರದ ಮೊನೆ ಒತ್ತಿ, ಬಿದ್ದ ಗುರುತಿನಿಂದ ಗಡಸುತನ ಅಳೆಯುವ ಮಾನ). ಕೆಳಗಿರುವ 304 ದರ್ಜೆಯ (ಕ್ರೋಮಿಯಂ, ನಿಕಲ್ ಬೆರೆತ ಸಾಮಾನ್ಯ ದರ್ಜೆ) ಸ್ಟೇನ್‌ಲೆಸ್ ಉಕ್ಕಿನದು 200ರ ಆಸುಪಾಸು. ಬಹಳ ಹೊತ್ತು ಹೆಚ್ಚಿನ ತಾಪದಲ್ಲಿ ಇಟ್ಟರೆ ಅಲ್ಯೂಮಿನಿಯಂ ಒಳಕ್ಕೆ ಹರಡಿ, ಸಮಪಾಲಿನ 1-1 ಹಂತ ಹುಟ್ಟುತ್ತದೆ. ಅದು ಉಳಿದವುಗಳಷ್ಟು ಪೆಡಸಲ್ಲ.

ಸಾದಾ ಉಕ್ಕಿನಲ್ಲಿ 2-5 ಹಂತ ನಾಲಿಗೆ ಚಾಚಿದಂತೆ ಉಕ್ಕಿನೊಳಕ್ಕೆ ಇಳಿಯುತ್ತದೆ. ಸ್ಟೇನ್‌ಲೆಸ್‌ನಲ್ಲಿ ಹಾಗಲ್ಲ. ಕ್ರೋಮಿಯಂ, ನಿಕಲ್ ಇದ್ದರೆ ಪದರ ನಿಧಾನವಾಗಿ ಬೆಳೆಯುತ್ತದೆ, ಗಡಿ ಮಟ್ಟಸವಾಗಿರುತ್ತದೆ, ಒಟ್ಟು ದಪ್ಪವೂ ಕಡಿಮೆ. ಕಬ್ಬಿಣದ ಜಾಗದಲ್ಲಿ ಸ್ವಲ್ಪ ಕ್ರೋಮಿಯಂ, ನಿಕಲ್ ಬಂದು ಕೂರುತ್ತವೆ. ಹೆಚ್ಚಾದದ್ದು ಮೇಲಿನ ಅಲ್ಯೂಮಿನಿಯಂನಲ್ಲಿ ಕ್ರೋಮಿಯಂ-ಅಲ್ಯೂಮಿನಿಯಂ, ಕಬ್ಬಿಣ-ನಿಕಲ್-ಅಲ್ಯೂಮಿನಿಯಂ ಸಂಯುಕ್ತಗಳ ಚೂರುಗಳಾಗಿ ಕಾಣುತ್ತದೆ. ಹಾಗಾಗಿ ಸಾದಾ ಉಕ್ಕಿಗೆ ಬರೆದಿಟ್ಟ ಸಮಯ, ತಾಪದ ಪಟ್ಟಿಯನ್ನು ಸ್ಟೇನ್‌ಲೆಸ್‌ಗೆ ಹಾಗೆಯೇ ಎತ್ತಿಕೊಂಡರೆ ಅಲ್ಲೇ ಅರ್ಧ ತಪ್ಪು.

ಪರೀಕ್ಷೆಗೆ ಇಳಿಯುವ ಮುನ್ನ: ಜೀವಕ್ಕೆ ಸಂಬಂಧಿಸಿದ್ದು

700 ಡಿಗ್ರಿಯ ಅಲ್ಯೂಮಿನಿಯಂ ಕೆಂಪಗೆ ಹೊಳೆಯುವುದಿಲ್ಲ. ಬೆಳಕಿನಲ್ಲಿ ನೋಡಿದರೆ ತಣ್ಣಗಿನ ಬೆಳ್ಳಿಯಂತೆ ಇರುತ್ತದೆ. ಕಣ್ಣನ್ನು ನಂಬಬೇಡಿ.

ತೇವವೇ ಇಲ್ಲಿ ಮೊದಲ ಶತ್ರು. ಒದ್ದೆ ತುಂಡು ದ್ರವದೊಳಗೆ ಹೋದರೆ ನೀರು ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಎತ್ತಿ ಎಸೆಯುತ್ತದೆ. ತುಂಡು, ಚಿಮಟ, ಕಲಕುವ ಸಲಾಕೆ, ಹೊಸ ಅಲ್ಯೂಮಿನಿಯಂ ಗಟ್ಟಿ, ಎಲ್ಲವನ್ನೂ 150 ಡಿಗ್ರಿಗಿಂತ ಮೇಲೆ ಕಾಯಿಸಿ ಒಣಗಿಸಿಯೇ ಒಳಗೆ ಇಳಿಸಬೇಕು. ಎರಡೂ ತುದಿ ಮುಚ್ಚಿದ ಕೊಳವೆಯನ್ನು ಯಾವ ಕಾರಣಕ್ಕೂ ಅದ್ದಬೇಡಿ. ಒಳಗಿನ ಗಾಳಿಯೇ ಸಿಡಿಮದ್ದು. ಮೇಲೆ, ಕೆಳಗೆ ತೂತು ಕೊರೆದ ನಂತರವೇ ಅದ್ದುವ ಮಾತು. ಬೆಂಕಿ ಹತ್ತಿದರೆ ನೀರು ಎರಚಬಾರದು. ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಪುಡಿ ಅಥವಾ ಪೂರ್ತಿ ಒಣಗಿದ ಮರಳು ಕೈಗೆಟಕುವಲ್ಲಿ ಇರಲಿ. ಮೇಲಿಂದ ತೆಗೆದ ಕಿಟ್ಟವನ್ನೂ ಒಣ ಜಾಗದಲ್ಲೇ ಇಡಿ; ನೀರು ತಾಗಿದರೆ ಅದರಿಂದ ಅಮೋನಿಯಾವೂ ಹೊತ್ತಿ ಉರಿಯಬಲ್ಲ ಅನಿಲಗಳೂ ಹೊರಡುತ್ತವೆ.

ಸ್ಟೇನ್‌ಲೆಸ್ ಪಿಕ್ಲಿಂಗ್‌ಗೆ (ಆಮ್ಲದಲ್ಲಿಟ್ಟು ಮೇಲಿನ ಆಕ್ಸೈಡ್ ತೆಗೆಯುವುದಕ್ಕೆ) ಬಳಸುವ ನೈಟ್ರಿಕ್-ಹೈಡ್ರೋಫ್ಲೋರಿಕ್ ಮಿಶ್ರಣ ಕಲಿಯುವವರ ಕೈಗೆ ಕೊಡುವಂಥದ್ದಲ್ಲ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮಕ್ಕೆ ತಾಗಿದಾಗ ಕೆಲವೊಮ್ಮೆ ನೋವೇ ಆಗುವುದಿಲ್ಲ. ಗಂಟೆಗಳ ಬಳಿಕ ಗೊತ್ತಾಗುವಷ್ಟರಲ್ಲಿ ಒಳಕ್ಕೆ ಇಳಿದಿರುತ್ತದೆ. ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಇಲ್ಲದ, ತರಬೇತಿ ಇಲ್ಲದ ಜಾಗದಲ್ಲಿ ಆ ಬಾಟಲಿಯ ಮುಚ್ಚಳವನ್ನೇ ತೆಗೆಯಬೇಡಿ. ತಾಗಿದರೆ ತಕ್ಷಣ ನೀರಿನಲ್ಲಿ ತೊಳೆದು, ಜೆಲ್ ಹಚ್ಚಿ, ಎಷ್ಟು ಸಣ್ಣ ಮಚ್ಚೆಯಾದರೂ ಆಸ್ಪತ್ರೆಗೆ ಹೋಗಬೇಕು.

ಲಕ್ಷಣ: ಅಲ್ಲಲ್ಲಿ ಬೋಳು, ಲೇಪವೇ ಕೂತಿಲ್ಲ

ಸ್ಟೇನ್‌ಲೆಸ್‌ನಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಸ್ಟೇನ್‌ಲೆಸ್‌ಗೆ ತುಕ್ಕು ಹಿಡಿಯದಂತೆ ಕಾಯುವ ಕ್ರೋಮಿಯಂ ಆಕ್ಸೈಡ್ ಪೊರೆಯೇ ಇಲ್ಲಿ ಅಡ್ಡಗೋಡೆ. ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಅದು, ಆದರೆ ಉಜ್ಜಿ ತೆಗೆದ ಕೂಡಲೇ ಗಾಳಿಯಲ್ಲಿ ಮತ್ತೆ ಮೂಡುತ್ತದೆ. ಸಾಲದ್ದಕ್ಕೆ ದ್ರವ ಅಲ್ಯೂಮಿನಿಯಂ ಮೇಲೂ ಅದರದ್ದೇ ಆಕ್ಸೈಡ್ ಚರ್ಮ. ಎರಡು ಪೊರೆ ಎದುರುಬದುರಾದರೆ ಒಳಗಿನ ಲೋಹಗಳಿಗೆ ಭೇಟಿಯೇ ಇಲ್ಲ.

ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಿ. ಫ್ಲಕ್ಸ್ (ಆಕ್ಸೈಡ್ ಕಳೆಯುವ ಉಪ್ಪಿನ ಮಿಶ್ರಣ) ಹಾಕುವ ಮೊದಲು ತೊಳೆದ ತುಂಡಿನ ಮೇಲೆ ನೀರು ಬಿಡಿ. ನೀರು ಹಾಳೆಯಂತೆ ಹರಡಿ ನಿಂತರೆ ಎಣ್ಣೆಯಿಲ್ಲ. ಹನಿಹನಿಯಾಗಿ ಒಡೆದರೆ ಜಿಡ್ಡು ಉಳಿದಿದೆ. ಜಿಡ್ಡಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ, ಅದನ್ನು ತೆಗೆದು ಬನ್ನಿ.

ಜಿಡ್ಡಿಲ್ಲದೆಯೂ ಬೋಳಾಗುತ್ತಿದ್ದರೆ ಅರ್ಧ ತುಂಡಿನ ಪರೀಕ್ಷೆ ಮಾಡಿ. ಒಂದೇ ಪಟ್ಟಿಯ ಅರ್ಧಕ್ಕೆ ಹೊಸ ಎಮರಿ ಹಾಳೆ ಉಜ್ಜಿ, ಇನ್ನರ್ಧವನ್ನು ಎಂದಿನಂತೆ ಬಿಟ್ಟು, ಇಡೀ ಪಟ್ಟಿಗೆ ಕೂಡಲೇ ಫ್ಲಕ್ಸ್ ಹಚ್ಚಿ, ಒಣಗಿಸಿ ಅದ್ದಿ. ಉಜ್ಜಿದ ಅರ್ಧ ಪೂರ್ತಿ ಹಿಡಿದು, ಉಜ್ಜದ ಅರ್ಧ ಬೋಳಾದರೆ ದೋಷ ಪಿಕ್ಲಿಂಗ್‌ನದು: ಆಮ್ಲ ಸೋತಿದೆ, ಅಥವಾ ಆಮ್ಲದಿಂದ ಫ್ಲಕ್ಸ್‌ವರೆಗಿನ ಕಾಯುವಿಕೆ ಉದ್ದವಾಗಿದೆ. ಎರಡೂ ಅರ್ಧ ಒಂದೇ ಥರ ಬೋಳಾದರೆ ಫ್ಲಕ್ಸ್ ಅನುಮಾನಿಸಿ. ಬರೀ ಕ್ಲೋರೈಡ್ ಉಪ್ಪುಗಳು ಕ್ರೋಮಿಯಂ ಆಕ್ಸೈಡ್ ಎದುರು ಸಾಲವು. ಕ್ರಯೋಲೈಟ್, ಅಲ್ಯೂಮಿನಿಯಂ ಫ್ಲೋರೈಡ್ ಅಥವಾ ಪೊಟ್ಯಾಸಿಯಂ ಫ್ಲೋರೋಜಿರ್ಕೋನೇಟ್‌ನಂಥ ಫ್ಲೋರೈಡ್ ಬೇಕಾಗುತ್ತದೆ. ಫ್ಲೋರೈಡ್ ಹೊಗೆಗೆ ಗಾಳಿಯೆಳೆಯುವ ವ್ಯವಸ್ಥೆ ಇರಲೇಬೇಕು.

ಇನ್ನೂ ತಿಳಿಯದಿದ್ದರೆ ಸಮಯದ ಏಣಿ ಹತ್ತಿಸಿ: ಒಂದೇ ರೀತಿ ತಯಾರಿಸಿದ ನಾಲ್ಕು ಪಟ್ಟಿ, 30 ಸೆಕೆಂಡ್, 1 ನಿಮಿಷ, 2 ನಿಮಿಷ, 4 ನಿಮಿಷ. ಹೊತ್ತು ಹೆಚ್ಚಿದಂತೆ ಬೋಳು ಕುಗ್ಗಿದರೆ ದ್ರವ ನಿಧಾನವಾಗಿಯಾದರೂ ಗೋಡೆ ಒಡೆಯುತ್ತಿದೆ. ಫ್ಲಕ್ಸ್ ಚುರುಕುಗೊಳಿಸಿದರೆ ಸಾಕು. ನಾಲ್ಕರಲ್ಲೂ ಬೋಳಿನ ಆಕಾರ ಒಂದೇ ಆಗಿದ್ದರೆ ಅಲ್ಲಿ ಏನೋ ಅಂಟಿಕೊಂಡಿದೆ: ವೆಲ್ಡಿಂಗ್‌ನ ನೀಲಿ ಬಣ್ಣ, ಮಾರ್ಕರ್ ಗೀಟು, ಬೆರಳಿನ ಗುರುತು.

ಇನ್ನೊಂದು ಮಾತು, ಫ್ಲಕ್ಸ್ ಬದಲು ಬಿಸಿ ಹೈಡ್ರೋಜನ್ ಅನಿಲದಿಂದ ಆಕ್ಸೈಡ್ ಕಳೆಯುವ ಕುಲುಮೆಗಳ ಬಗ್ಗೆ. ಬಿಸಿ ಹೈಡ್ರೋಜನ್ ಕಬ್ಬಿಣದ ಆಕ್ಸೈಡನ್ನು ಸುಲಭವಾಗಿ ಕಳೆಯುತ್ತದೆ, ಕ್ರೋಮಿಯಂ ಆಕ್ಸೈಡನ್ನು ಅಷ್ಟು ಸುಲಭಕ್ಕೆ ಕಳೆಯುವುದಿಲ್ಲ. ಅನಿಲ ತುಂಬ ಒಣಗಿರಬೇಕು, ತಾಪವೂ ಹೆಚ್ಚಿರಬೇಕು. ಸಾದಾ ಉಕ್ಕಿಗೆ ಚೆನ್ನಾಗಿ ನಡೆಯುತ್ತಿದ್ದ ಫ್ಲಕ್ಸ್ ರಹಿತ ಕುಲುಮೆಗೆ ಸ್ಟೇನ್‌ಲೆಸ್ ಹಾಕಿದ ದಿನವೇ ಬೋಳು ಶುರುವಾದರೆ ಬೇರೆ ಕಾರಣ ಹುಡುಕುವ ಮೊದಲು ಇದನ್ನು ನೋಡಿ.

ಲಕ್ಷಣ: ಲೇಪ ಕೂತಿತ್ತು, ಈಗ ಕಳಚುತ್ತಿದೆ

ಕಳಚಿದ ಚೂರನ್ನು ಎಸೆಯಬೇಡಿ. ಇಡೀ ರೋಗನಿದಾನ ಅದರ ಬೆನ್ನಲ್ಲಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಗಾಜು ಸಾಕು.

ಚೂರು ಕಾಗದದಂತೆ ಬಾಗುತ್ತಿದೆ, ಬೆನ್ನು ಹೊಳಪಾಗಿ ಬೆಳ್ಳಗಿದೆ, ಕೆಳಗಿನ ಉಕ್ಕಿನಲ್ಲಿ ಮೊದಲಿನ ಪಾಲಿಶ್ ಗೀರುಗಳು ಹಾಗೇ ಕಾಣುತ್ತಿವೆ: ಇಲ್ಲಿ ಇಂಟರ್‌ಮೆಟಾಲಿಕ್ ಹುಟ್ಟಿಯೇ ಇಲ್ಲ. ಅಲ್ಯೂಮಿನಿಯಂ ಉಕ್ಕಿನ ಮೇಲೆ ಹೊದಿಕೆಯಂತೆ ಹೆಪ್ಪುಗಟ್ಟಿದೆ, ಅಷ್ಟೇ. ಇದು ಮೇಲಿನ ಬೋಳು ಮಚ್ಚೆಯ ಕಾಯಿಲೆಯೇ, ವೇಷ ಮಾತ್ರ ಬೇರೆ. ತಯಾರಿಯ ಹೆಜ್ಜೆಗಳಿಗೆ ಹಿಂತಿರುಗಿ.

ಚೂರು ಚಟಕ್ಕನೆ ಮುರಿಯುತ್ತಿದೆ, ಬೆನ್ನು ಮಂಕು ಬೂದು, ಉಕ್ಕಿನ ಮೇಲೂ ಅದೇ ಬೂದು ಬಣ್ಣದ ಒರಟು ಉಳಿದಿದೆ, ಉಗುರಿನಿಂದ ಕೆರೆದರೆ ಹೊಳೆಯುವ ಪುಡಿ ಉದುರುತ್ತದೆ: ಪದರ ಬೆಳೆದಿದೆ, ಬೇಕಾದ್ದಕ್ಕಿಂತ ಹೆಚ್ಚು ಬೆಳೆದಿದೆ, ಬಿರುಕು ಅದರೊಳಗೇ ಓಡಿದೆ. ಈಗ ತಾಪ, ಸಮಯದ ಲೆಕ್ಕ ತೆಗೆಯಬಹುದು.

ಎರಡರ ನಡುವೆ ಗೊಂದಲವಾದರೆ ಕಾಸ್ಟಿಕ್ ಸೋಡಾ ಪರೀಕ್ಷೆ ಇದೆ. ಲೇಪವಿರುವ ಸಣ್ಣ ತುಂಡನ್ನು ನೂರಕ್ಕೆ ಹತ್ತರಷ್ಟು ಕಾಸ್ಟಿಕ್ ದ್ರಾವಣದಲ್ಲಿ ಇಡಿ. ಅಲ್ಯೂಮಿನಿಯಂ ನೊರೆಗುಟ್ಟಿ ಕರಗುತ್ತದೆ, ಸ್ಟೇನ್‌ಲೆಸ್‌ಗೆ ಏನೂ ಆಗದು, ಇಂಟರ್‌ಮೆಟಾಲಿಕ್ ಉಳಿದುಕೊಳ್ಳುತ್ತದೆ. ನೊರೆ ನಿಂತ ಮೇಲೆ ತೊಳೆದು ನೋಡಿದರೆ, ಮಂಕು ಬೂದು ಇರುವಲ್ಲಿ ಪ್ರತಿಕ್ರಿಯೆ ನಡೆದಿದೆ, ಹೊಳೆಯುವ ಉಕ್ಕು ಕಂಡಲ್ಲಿ ನಡೆದಿಲ್ಲ. ಗಡಿಯ ನಕ್ಷೆಯೇ ಬಿಡಿಸಿಟ್ಟಂತೆ. ಸಿಲಿಕಾನ್ ಬೆರೆತ ದ್ರವದಲ್ಲಿ ಅದ್ದಿದ್ದರೆ ಕಪ್ಪು ಮಸಿಯೊಂದು ಮೇಲೆ ಕೂರುತ್ತದೆ. ಅದು ಕರಗದೆ ಉಳಿದ ಸಿಲಿಕಾನ್, ಒರೆಸಿದರೆ ಹೋಗುತ್ತದೆ. ಈ ಪರೀಕ್ಷೆಯಲ್ಲಿ ಹೈಡ್ರೋಜನ್ ಹೊರಬರುತ್ತದೆ, ದ್ರಾವಣ ತಾನಾಗಿ ಬಿಸಿಯೇರುತ್ತದೆ. ಬಾಯಿ ತೆರೆದ ಪಾತ್ರೆ, ತೆರೆದ ಗಾಳಿ, ಕಣ್ಣಿಗೆ ಕನ್ನಡಕ, ಕೈಗೆ ಕವಚ; ಹತ್ತಿರ ಕಿಡಿ ಬೇಡ, ಕುಲುಮೆಯ ಪಕ್ಕವಂತೂ ಬೇಡವೇ ಬೇಡ.

ಪದರ ದಪ್ಪವೆಂದು ಖಾತ್ರಿಯಾದರೆ ಮೊದಲು ಅನುಮಾನಿಸಬೇಕಾದದ್ದು ತಾಪಮಾಪಕವನ್ನು. ಥರ್ಮೋಕಪಲ್ ಕವಚದ ಮೇಲೆ ಲೋಹದ ಕಿಟ್ಟ ಗಟ್ಟಿಯಾಗಿ ಕೂತರೆ ಅದು ತಡವಾಗಿ, ತಪ್ಪಾಗಿ ಓದುತ್ತದೆ. ತಾಳೆ ನೋಡಲು ಶುದ್ಧ ಅಲ್ಯೂಮಿನಿಯಂನಷ್ಟು ಒಳ್ಳೆಯ ಅಳತೆಗೋಲು ಇನ್ನೊಂದಿಲ್ಲ: ಸಣ್ಣ ಮೂಸೆಯಲ್ಲಿ ಕರಗಿಸಿ, ಥರ್ಮೋಕಪಲ್ ಇಳಿಸಿ, ತಣಿಯಲು ಬಿಡಿ. ಇಳಿಯುತ್ತಿರುವ ಅಂಕಿ ಹೆಪ್ಪುಗಟ್ಟುವಾಗ ಒಂದು ಕಡೆ ನಿಲ್ಲುತ್ತದೆ. ಅದು 660ರಲ್ಲಿ ನಿಲ್ಲಬೇಕು. 640ರಲ್ಲಿ ನಿಂತರೆ ನಿಮ್ಮ "700 ಡಿಗ್ರಿ" ನಿಜಕ್ಕೂ 720ರ ಹತ್ತಿರ.

ತಾಪ ಸರಿಯಿದ್ದರೆ ಸಮಯ. ಪದರದ ದಪ್ಪ ಸುಮಾರಾಗಿ ಸಮಯದ ವರ್ಗಮೂಲದಂತೆ ಏರುತ್ತದೆ; ಹೊತ್ತು ನಾಲ್ಕು ಪಟ್ಟಾದರೆ ದಪ್ಪ ಎರಡು ಪಟ್ಟು. ಹಾಗಾಗಿ 4 ನಿಮಿಷವನ್ನು 3ಕ್ಕೆ ಇಳಿಸಿ ದೊಡ್ಡ ಲಾಭ ನಿರೀಕ್ಷಿಸಬೇಡಿ. ತಾಪವನ್ನು ಇಳಿಸಿದರೆ ಸಿಗುವ ಫಲ ಹೆಚ್ಚು, ಆದರೆ ಶುದ್ಧ ಅಲ್ಯೂಮಿನಿಯಂನಲ್ಲಿ 660ರ ಗೆರೆ ಕೆಳಗೇ ಇದೆ. ಇಳಿಸಲು ಜಾಗವೇ ಕಡಿಮೆ. ಆಗ ಸಿಲಿಕಾನ್ ನೆನಪಾಗಬೇಕು. ನೂರಕ್ಕೆ 8ರಿಂದ 10 ಸಿಲಿಕಾನ್ ಸೇರಿಸಿದರೆ ದ್ರವ ಕಡಿಮೆ ತಾಪದಲ್ಲೇ ಕೆಲಸ ಮಾಡುತ್ತದೆ (ಸುಮಾರು 12.6ರ ಪಾಲಿನಲ್ಲಿ ಕರಗುವ ತಾಪ 577ಕ್ಕೆ ಇಳಿಯುತ್ತದೆ), ಜೊತೆಗೆ 2-5 ಹಂತದ ಬೆಳವಣಿಗೆಗೂ ಅಡ್ಡಗಾಲು ಬೀಳುತ್ತದೆ.

ಒಂದೇ ತುಂಡಿನ ತೆಳು ರೆಕ್ಕೆಯಲ್ಲಿ ಪದರ ದಪ್ಪ, ದಪ್ಪ ಬುಡದಲ್ಲಿ ತೆಳು ಆಗಿದ್ದರೆ ಗಾಬರಿ ಬೇಡ. ತಣ್ಣಗಿನ ದಪ್ಪ ಭಾಗ ದ್ರವಕ್ಕಿಳಿದಾಗ ಅದರ ಸುತ್ತ ಅಲ್ಯೂಮಿನಿಯಂ ಹೆಪ್ಪುಗಟ್ಟಿ ಚಿಪ್ಪಾಗುತ್ತದೆ. ಆ ಚಿಪ್ಪು ಮತ್ತೆ ಕರಗುವವರೆಗೆ ಅಲ್ಲಿ ಗಡಿಯಾರ ಓಡುವುದೇ ಇಲ್ಲ. ಮುಂಚೆಯೇ ಕಾಯಿಸಿ ಅದ್ದಿದರೆ ವ್ಯತ್ಯಾಸ ಕುಗ್ಗುತ್ತದೆ.

ಲಕ್ಷಣ: ಬಾಗಿಸಿದಾಗ ಮಾತ್ರ ಬಿರುಕು

ಬಾಗಿಸಿದ ಹೊರಮೈಯಲ್ಲಿ ಕೂದಲೆಳೆ ಬಿರುಕುಗಳು ಸಾಲಾಗಿ ಕಾಣಿಸಿ, ಲೇಪ ಮಾತ್ರ ಬಿಡದೆ ಕಚ್ಚಿಕೊಂಡಿದ್ದರೆ ಅದು ದೋಷವೇ ಅಲ್ಲದಿರಬಹುದು. ಯಾವ 2-5 ಪದರವೂ ಬಾಗುವುದಿಲ್ಲ. ತೆಳುವಾಗಿದ್ದರೆ ತುಂಡುತುಂಡಾಗಿ ಒಡೆದು ಉಕ್ಕಿನೊಂದಿಗೆ ಹೋಗುತ್ತದೆ, ದಪ್ಪವಾದರೆ ಎದ್ದು ಬರುತ್ತದೆ. ಅಲ್ಯೂಮಿನಿಯಂ-ಉಕ್ಕು ಬೆಸುಗೆ ಮಾಡುವವರು ಈ ಪದರ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಮೈಕ್ರಾನ್) ದಾಟದಿರಲಿ ಎನ್ನುತ್ತಾರೆ. ಬಾಗಿಸುವ ತುಂಡಿಗೂ ಅದನ್ನೇ ಅಂದಾಜಿನ ಗೆರೆಯಾಗಿ ಇಟ್ಟುಕೊಳ್ಳಬಹುದು. ಬಾಗಿಸುವುದೇ ಅನಿವಾರ್ಯವಾದರೆ ಮೊದಲು ಬಾಗಿಸಿ, ಆಮೇಲೆ ಅದ್ದಿ.

ಲಕ್ಷಣ: ಮೈಯೆಲ್ಲ ಮರಳು ಮೆತ್ತಿದಂತೆ ಒರಟು

ಇದು ತುಂಡಿನ ದೋಷವಲ್ಲ, ಮೂಸೆಯದು. ಸ್ಟೇನ್‌ಲೆಸ್ ಅದ್ದಿದಷ್ಟೂ ಕಬ್ಬಿಣ, ಕ್ರೋಮಿಯಂ, ನಿಕಲ್ ದ್ರವದಲ್ಲಿ ಸೇರುತ್ತಾ ಹೋಗುತ್ತವೆ. ಅಲ್ಯೂಮಿನಿಯಂ ತಡೆದುಕೊಳ್ಳುವ ಕಬ್ಬಿಣದ ಪ್ರಮಾಣ ತಾಪಕ್ಕೆ ತಕ್ಕಂತೆ ಬದಲಾಗುತ್ತದೆ: 655 ಡಿಗ್ರಿಯಲ್ಲಿ ನೂರಕ್ಕೆ ಸುಮಾರು 1.8, ತಾಪ ಏರಿದಂತೆ ಇನ್ನೂ ಹೆಚ್ಚು. ರಾತ್ರಿ ತಾಪ ಇಳಿಸಿದಾಗ ಹೆಚ್ಚುವರಿ ಕಬ್ಬಿಣ ಇಂಟರ್‌ಮೆಟಾಲಿಕ್ ಹರಳುಗಳಾಗಿ ಹೊರಬಿದ್ದು, ದ್ರವಕ್ಕಿಂತ ಭಾರವಾದ್ದರಿಂದ ತಳಕ್ಕೆ ಕೂರುತ್ತದೆ. ಬೆಳಗ್ಗೆ ಕಲಕಿದರೆ ಆ ಗಸಿ ಎದ್ದು ತುಂಡಿಗೆ ಮೆತ್ತುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಸರಳ: ಒರಟು ಬೆಳಗಿನ ಮೊದಲ ತುಂಡುಗಳಲ್ಲಿ ಮಾತ್ರವೇ, ದಿನವಿಡೀ ಇದೆಯೇ? ಮೊದಲ ತುಂಡುಗಳಲ್ಲಿ ಮಾತ್ರವಾದರೆ ಕಲಕಬೇಡಿ, ಕಾಯಲು ಬಿಡಿ, ತಳ ಮುಟ್ಟದಂತೆ ಅದ್ದಿ. ದಿನವಿಡೀ ಇದ್ದರೆ ಗಸಿ ತೆಗೆದು, ಹೊಸ ಲೋಹ ಸೇರಿಸುವ ಕಾಲ ಬಂದಿದೆ. ಡೈ ಕಾಸ್ಟಿಂಗ್‌ನವರ (ಕರಗಿದ ಲೋಹವನ್ನು ಒತ್ತಡದಿಂದ ಅಚ್ಚಿಗೆ ತುಂಬುವವರ) ಒಂದು ಲೆಕ್ಕ ಇಲ್ಲೂ ಕಣ್ತೆರೆಸುತ್ತದೆ: ಗಸಿಯ ಅಂದಾಜಿಗೆ ಅವರು ಕಬ್ಬಿಣದ ಶೇಕಡಾವಾರಿಗೆ ಮ್ಯಾಂಗನೀಸ್‌ನ ಎರಡು ಪಟ್ಟನ್ನೂ ಕ್ರೋಮಿಯಂನ ಮೂರು ಪಟ್ಟನ್ನೂ ಕೂಡುತ್ತಾರೆ. ಅದು ಸಿಲಿಕಾನ್ ಮಿಶ್ರಲೋಹಗಳಿಗೆ ಕಟ್ಟಿದ ಸೂತ್ರ, ಶುದ್ಧ ಅಲ್ಯೂಮಿನಿಯಂಗೆ ಹಾಗೇ ಹೊಂದದು. ಆದರೆ ಸ್ಟೇನ್‌ಲೆಸ್ ಅದ್ದುವ ಮೂಸೆಯಲ್ಲಿ ಗಸಿ ಯಾಕಿಷ್ಟು ಬೇಗ ಕೂರುತ್ತದೆ ಎಂಬುದಕ್ಕೆ ಆ ಮೂರು ಪಟ್ಟು ಸಾಕಷ್ಟು ಸುಳಿವು ಕೊಡುತ್ತದೆ.

ಒರಟಿನ ಬದಲು ತೆಳ್ಳನೆಯ ಸುಕ್ಕುಗಳು, ಪೊರೆಯ ಮಡಿಕೆಗಳು ಕಂಡರೆ ಅದು ಮೇಲ್ಮೈ ಕಿಟ್ಟ. ಅದ್ದುವಾಗಲೂ ಎತ್ತುವಾಗಲೂ ಮೇಲ್ಮೈಯನ್ನು ಪಕ್ಕಕ್ಕೆ ಸರಿಸಿದರೆ ಮುಗಿಯಿತು.

ಲಕ್ಷಣ: ಅಂಚು ತೆಳುವಾಗಿದೆ, ತಂತಿ ಸವೆದಿದೆ, ತೂಕ ಇಳಿದಿದೆ

ಪದರ ಬೆಳೆಯುವುದರ ಜೊತೆಗೆ ಉಕ್ಕು ಕರಗುತ್ತದೆ ಎಂದೆನಲ್ಲ, ಇಲ್ಲಿ ಆ ಎರಡನೆಯ ಕೆಲಸ ಗೆದ್ದಿದೆ. ಹೊಸ ಲೋಹ ತುಂಬಿದ ದಿನ ಹೀಗಾಗುವುದು ಹೆಚ್ಚು. ಕಬ್ಬಿಣವಿಲ್ಲದ ದ್ರವ ಹಸಿದಿರುತ್ತದೆ, ಸಿಕ್ಕ ಉಕ್ಕನ್ನು ತಿನ್ನುತ್ತದೆ. ಕಬ್ಬಿಣ ತುಂಬಿದ ಹಳೆಯ ದ್ರವ ಅಷ್ಟು ತಿನ್ನುವುದಿಲ್ಲ. ತುಂಡನ್ನು ಅಲುಗಾಡಿಸುವುದು, ಕಲಕುವುದು ಕರಗುವಿಕೆಯನ್ನು ಇನ್ನಷ್ಟು ಜೋರಾಗಿಸುತ್ತದೆ. ಅದ್ದುವ ಮೊದಲೂ, ಕಾಸ್ಟಿಕ್‌ನಲ್ಲಿ ಅಲ್ಯೂಮಿನಿಯಂ ಕಳೆದ ಮೇಲೂ ತೂಗಿದರೆ ನಷ್ಟದ ಅಂದಾಜು ಸಿಗುತ್ತದೆ. ಇಂಟರ್‌ಮೆಟಾಲಿಕ್ ಉಳಿದಿರುವುದರಿಂದ ನಿಜವಾದ ನಷ್ಟ ತಕ್ಕಡಿ ತೋರಿಸಿದ್ದಕ್ಕಿಂತ ಹೆಚ್ಚೇ.

ಉಕ್ಕಿನ ಮೂಸೆ ಬಳಸುತ್ತಿದ್ದರೆ ಇದೇ ತರ್ಕ ಮೂಸೆಗೂ ಅನ್ವಯ. ಹೊರಗೋಡೆಯಲ್ಲಿ ಕೆಂಪು ಚುಕ್ಕೆ, ಉಬ್ಬು ಅಥವಾ ಕಾರಣವಿಲ್ಲದೆ ದ್ರವದ ಮಟ್ಟ ಇಳಿದದ್ದು ಕಂಡರೆ ಪರೀಕ್ಷೆ ನಿಲ್ಲಿಸಿ, ಎಲ್ಲರನ್ನೂ ದೂರ ಕಳಿಸಿ, ಶಾಖ ಆರಿಸಿ. ಅಲ್ಲಿಂದ ಮುಂದಿನದು ಕುಲುಮೆ ಬಲ್ಲವರ ಕೆಲಸ.

ಲಕ್ಷಣ: ಗುಳ್ಳೆ, ಸೂಜಿತೂತು

ದ್ರವ ಅಲ್ಯೂಮಿನಿಯಂ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಹೆಪ್ಪುಗಟ್ಟುವಾಗ ಅದರ ಇಪ್ಪತ್ತರಲ್ಲೊಂದು ಪಾಲನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು, ಉಳಿದದ್ದು ತೂತಾಗುತ್ತದೆ. ಹೈಡ್ರೋಜನ್ ಬರುವುದು ತೇವದಿಂದ. ಒಣಗದ ಫ್ಲಕ್ಸ್ ಮೊದಲ ಆರೋಪಿ. ಅದ್ದುವಾಗ ಚಟಪಟ ಸದ್ದು ಕೇಳಿದರೆ ಇನ್ನು ಸಾಕ್ಷಿ ಬೇಕಿಲ್ಲ. ಅದು ದೋಷದ ಲಕ್ಷಣಕ್ಕಿಂತ ಮೊದಲು ಅಪಾಯದ ಲಕ್ಷಣ, ಅದ್ದುವುದನ್ನು ಅಲ್ಲೇ ನಿಲ್ಲಿಸಿ.

ಲಕ್ಷಣ: ಕೆಲವು ವಾರಗಳಲ್ಲೇ ತುಕ್ಕು

ಬಿಳಿ ಪುಡಿ, ಅದರ ಸುತ್ತ ಚುಚ್ಚಿದಂಥ ಗುಳಿಗಳಿದ್ದರೆ ಫ್ಲಕ್ಸ್ ಉಳಿಕೆ. ಕ್ಲೋರೈಡ್ ಅಲ್ಯೂಮಿನಿಯಂಗೂ ಆಗದು, ಸ್ಟೇನ್‌ಲೆಸ್‌ಗೂ ಆಗದು. ತುಂಡು ತಣಿದ ಮೇಲೆ ಬಿಸಿನೀರಿನಲ್ಲಿ ಉಜ್ಜಿ ತೊಳೆಯುವುದೇ ಪರಿಹಾರ.

ಕತ್ತರಿಸಿದ ಅಂಚಿನಲ್ಲಿ, ಲೇಪವಿಲ್ಲದ ಕಡೆ ಉಕ್ಕಿಗೇ ತುಕ್ಕು ಹಿಡಿದರೆ ವಿಷಯ ಬೇರೆ. 304ರಂಥ ಉಕ್ಕು 450ರಿಂದ 850 ಡಿಗ್ರಿ ನಡುವೆ ಕುಳಿತರೆ ಅದರ ಇಂಗಾಲ ಕ್ರೋಮಿಯಂ ಜೊತೆ ಸೇರಿ ಕಣಗಡಿಗಳಲ್ಲಿ (ಉಕ್ಕಿನ ಹರಳುಗಳು ಒಂದಕ್ಕೊಂದು ಕೂಡುವ ಗೆರೆಗಳಲ್ಲಿ) ಕಾರ್ಬೈಡ್ ಆಗುತ್ತದೆ. ಪಕ್ಕದ ಉಕ್ಕಿನಲ್ಲಿ ಕ್ರೋಮಿಯಂ ಬರಿದಾಗುತ್ತದೆ. ನಾವು ಅದ್ದುವ 700 ಡಿಗ್ರಿ ಆ ವ್ಯಾಪ್ತಿಯ ನಟ್ಟನಡುವೆ ಇದೆ, ಇಂಗಾಲ ಹೆಚ್ಚಿರುವ ಉಕ್ಕಿಗೆ ಕೆಲವೇ ನಿಮಿಷ ಸಾಕು. ಇಂಟರ್‌ಮೆಟಾಲಿಕ್ ಬಗ್ಗೆ ತಲೆ ಕೆಡಿಸಿಕೊಂಡವರು ಇದನ್ನು ಮರೆಯುವುದೇ ಹೆಚ್ಚು. ಎಎಸ್‌ಟಿಎಂ ಎ262 ಎಂಬ ಅಮೆರಿಕದ ಮಾನದಂಡದ ಆಕ್ಸಾಲಿಕ್ ಆಮ್ಲದ ಪರೀಕ್ಷೆ ಇದನ್ನು ಬಯಲಿಗೆಳೆಯುತ್ತದೆ. ಇಂಗಾಲ ನೂರಕ್ಕೆ 0.03ಕ್ಕಿಂತ ಕಡಿಮೆ ಇರುವ 304ಎಲ್, ಅಥವಾ ಟೈಟಾನಿಯಂ ಸೇರಿದ 321 ಬಳಸಿದರೆ ತೊಂದರೆ ತಪ್ಪುತ್ತದೆ.

ಲಕ್ಷಣ: ಬಿಸಿ ಜಾಗದಲ್ಲಿ ಬಳಸಿದ ಮೇಲೆ ಬಣ್ಣ ಬದಲು, ಬಿರುಕು, ಮೇಲೆದ್ದ ಪದರ

ಹೊಳಪು ಹೋಗಿ ಮಂಕು ಬೂದಾದರೆ ಬಿಟ್ಟುಬಿಡಿ. ಮೇಲಿನ ಅಲ್ಯೂಮಿನಿಯಂ ಒಳಗೆ ಹರಡಿ ಖರ್ಚಾಗಿದೆ, ಅದು ಆಗಬೇಕಾದದ್ದೇ. ಮೇಲ್ಮೈಯಲ್ಲಿ ಮೂಡುವ ಅಲ್ಯೂಮಿನಿಯಂ ಆಕ್ಸೈಡ್ ಪೊರೆಯೇ ಇನ್ನು ಕಾವಲುಗಾರ.

ಲೇಪ ಹನಿಹನಿಯಾಗಿ ಇಳಿದು ಹೆಪ್ಪುಗಟ್ಟಿದ್ದರೆ ಮೊದಲ ಸಲ ಬಿಸಿ ಮಾಡಿದಾಗ ಅವಸರವಾಗಿದೆ. ಮೇಲಿನ ಅಲ್ಯೂಮಿನಿಯಂ ಒಳಗೆ ಸೇರುವ ಮೊದಲೇ 660 ದಾಟಿ ಕರಗಿ ಹರಿದಿದೆ.

ತಣಿದಾಗಲೆಲ್ಲ ಹೊಸ ಬಿರುಕು ಹುಟ್ಟುತ್ತಿದ್ದರೆ ಹಿಗ್ಗುವಿಕೆಯ ವ್ಯತ್ಯಾಸ ಕಾರಣ. ಅಲ್ಯೂಮಿನಿಯಂ, ಇಂಟರ್‌ಮೆಟಾಲಿಕ್, ಉಕ್ಕು, ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ, ಪೆಡಸಾದದ್ದು ಒಡೆಯುತ್ತದೆ. ಬಳಕೆಗೆ ಮೊದಲೇ 900ರಿಂದ 1000 ಡಿಗ್ರಿಯಲ್ಲಿ ಹರಡುವ ಕಾಯಿಸುವಿಕೆ ಮಾಡಿ 2-5 ಹಂತವನ್ನು 1-1ಕ್ಕೆ ತಿರುಗಿಸಿದರೆ ಬಿರುಕು ಕಡಿಮೆ. ನಿಕಲ್ ಇರುವ ಉಕ್ಕಿನಲ್ಲಿ ನಿಕಲ್-ಅಲ್ಯೂಮಿನಿಯಂನ ಸಮಪಾಲು ಹಂತವೂ ಜೊತೆಗೆ ಹುಟ್ಟುತ್ತದೆ. ಆದರೆ ಇದನ್ನೇ ಅತಿಯಾಗಿ ಮಾಡಿದರೆ ಅಲ್ಯೂಮಿನಿಯಂ ಹೋದ ವೇಗಕ್ಕೆ ಉಳಿದ ಪರಮಾಣುಗಳು ಬಂದು ತುಂಬಲಾಗದೆ, ಗಡಿಯಲ್ಲಿ ಸಣ್ಣ ಸಣ್ಣ ಖಾಲಿ ಜಾಗಗಳು ಸಾಲುಗಟ್ಟುತ್ತವೆ. ಇವೇ ಕರ್ಕೆಂಡಾಲ್ ತೂತುಗಳು. ಪದರ ಆ ಸಾಲಿನಲ್ಲಿ ಅಂಚೆಚೀಟಿ ಹರಿದಂತೆ ಹರಿಯುತ್ತದೆ.

ಒಂದು ಮೋಜಿನ ಗೊಂದಲ: ಬಳಸಿದ 304 ತುಂಡಿಗೆ ಅಯಸ್ಕಾಂತ ಸ್ವಲ್ಪ ಹಿಡಿಯತೊಡಗಬಹುದು. ಯಾರೋ ತಪ್ಪು ಉಕ್ಕು ಕೊಟ್ಟರೆಂದು ಜಗಳಕ್ಕೆ ಹೋಗಬೇಡಿ. ಒಳಕ್ಕೆ ಹರಡಿದ ಅಲ್ಯೂಮಿನಿಯಂ ಪದರದ ಕೆಳಗಿನ ಆಸ್ಟೆನೈಟ್ (ಅಯಸ್ಕಾಂತ ಹಿಡಿಯದ ಹರಳು ರಚನೆ) ಉಕ್ಕನ್ನು ಫೆರೈಟ್ ಎಂಬ ಇನ್ನೊಂದು ರಚನೆಯಾಗಿ ತಿರುಗಿಸುತ್ತದೆ. ಫೆರೈಟ್ ಅಯಸ್ಕಾಂತಕ್ಕೆ ಒಲಿಯುತ್ತದೆ. ಉಕ್ಕಿನ ದರ್ಜೆ ನೋಡುವ ಅಯಸ್ಕಾಂತದ ಪರೀಕ್ಷೆ ಅದ್ದುವ ಮೊದಲೇ ಆಗಬೇಕು. ಆಗಲೂ ತಣ್ಣಗೆ ಬಾಗಿಸಿದ ಜಾಗವನ್ನು ಬಿಟ್ಟು ನೋಡಿ, ಅಲ್ಲಿ 304 ಕೂಡ ಸ್ವಲ್ಪ ಎಳೆಯುತ್ತದೆ.

ಲಕ್ಷಣ: ಎಲ್ಲ ಸರಿಯಿದೆ, ಲ್ಯಾಬ್ ವರದಿ ಮಾತ್ರ ಹೊಂದುತ್ತಿಲ್ಲ

ಹಂತ ಯಾವುದೆಂದು ಖಚಿತವಾಗಿ ಬೇಕಾದಾಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೊರೆ ಹೋಗಲೇಬೇಕು. ಆದರೆ ವರದಿ ಓದುವಾಗ ಜಾರುವ ಜಾಗಗಳಿವೆ.

ಮೊದಲನೆಯದು ಶೇಕಡಾವಾರು. ವರದಿಯಲ್ಲಿ "ಅಲ್ಯೂಮಿನಿಯಂ 55" ಎಂದಿದ್ದರೆ ಸಮಪಾಲಿನ 1-1 ಹಂತ ಸಿಕ್ಕಿತೆಂದು ಹಿಗ್ಗುವವರಿದ್ದಾರೆ. ಅದು ತೂಕದ ಶೇಕಡಾವಾರು ಆಗಿದ್ದರೆ, 2-5 ಹಂತದಲ್ಲಿ ಅಲ್ಯೂಮಿನಿಯಂನ ತೂಕ 54.7! ಪರಮಾಣು ಲೆಕ್ಕದಲ್ಲಿ ಅದೇ ಹಂತ 71ರ ಮೇಲೆ ಬರುತ್ತದೆ. ಹಿಗ್ಗಿದವರು ಹಿಡಿದದ್ದು ತಾವು ಬೇಡವೆಂದ ಹಂತವನ್ನೇ. ಕಾಲಂನ ತಲೆಬರಹ ನೋಡದೆ ಮುಂದೆ ಹೋಗಬೇಡಿ. ಸ್ಟೇನ್‌ಲೆಸ್‌ನಲ್ಲಿ ಇನ್ನೊಂದು ಹೆಜ್ಜೆ ಇದೆ: ಪರಮಾಣು ಲೆಕ್ಕದಲ್ಲಿ ಕಬ್ಬಿಣ, ಕ್ರೋಮಿಯಂ, ನಿಕಲ್ ಮೂರನ್ನೂ ಕೂಡಿಸಿ ಅಲ್ಯೂಮಿನಿಯಂ ಜೊತೆ ಹೋಲಿಸಬೇಕು. ಕಬ್ಬಿಣವನ್ನೊಂದೇ ಹಿಡಿದರೆ ಅನುಪಾತ ಯಾವ ಹಂತಕ್ಕೂ ಹೊಂದುವುದಿಲ್ಲ.

ಎರಡನೆಯದು ಚುಕ್ಕೆಯ ಗಾತ್ರ. ಎಲೆಕ್ಟ್ರಾನ್ ಕಿರಣ ಒಂದು ಬಿಂದುವಿಗೆ ಬಿದ್ದರೂ ಕ್ಷ-ಕಿರಣ ಹೊರಡುವುದು ಮೈಕ್ರಾನ್ ಅಗಲದ ಪ್ರದೇಶದಿಂದ. ಮೈಕ್ರಾನ್ ದಪ್ಪದ 1-3 ಪದರವನ್ನು ಹೀಗೆ ಅಳೆದರೆ ಅಕ್ಕಪಕ್ಕದ್ದೆಲ್ಲ ಸೇರಿದ ಕಲಸುಮೇಲೋಗರ ಸಿಗುತ್ತದೆ.

ಗಡಸುತನದಲ್ಲೂ ಇದೇ ಕಥೆ. 1000 ವಿಕರ್ಸ್ ಇರುವ ಪದರದ ಮೇಲೆ 10 ಗ್ರಾಂ ಭಾರ ಹಾಕಿದರೂ ಗುರುತಿನ ಕರ್ಣ 4 ಮೈಕ್ರಾನ್ ದಾಟುತ್ತದೆ. 25 ಗ್ರಾಂ ಹಾಕಿದರೆ 7ರ ಹತ್ತಿರ. 5 ಮೈಕ್ರಾನ್ ಪದರದ ಗಡಸುತನ ಎಂದು ಯಾರಾದರೂ ಅಂಕಿ ಕೊಟ್ಟರೆ ಅದರಲ್ಲಿ ಉಕ್ಕಿನ ಪಾಲೆಷ್ಟು ಎಂದು ಕೇಳಿ. ಲೇಪದ ದಪ್ಪ ಅಳೆಯುವ ಸಾಮಾನ್ಯ ಅಯಸ್ಕಾಂತೀಯ ಗೇಜ್ ಕೂಡ ಅಯಸ್ಕಾಂತಕ್ಕೆ ಒಲಿಯದ 304 ಮೇಲೆ ಕೆಲಸಕ್ಕೆ ಬಾರದು. ಅಡ್ಡ ಕತ್ತರಿಸಿ, ಪಾಲಿಶ್ ಮಾಡಿ ನೋಡುವುದೇ ದಾರಿ.

ರಚನೆಯೇ ತಿಳಿಯಬೇಕೆಂದರೆ ಕ್ಷ-ಕಿರಣ ವಿವರ್ತನೆ ಬೇಕು. ಮೇಲಿನ ಅಲ್ಯೂಮಿನಿಯಂ ಇಟ್ಟುಕೊಂಡೇ ಕಳಿಸಿದರೆ ವರದಿಯ ತುಂಬ ಅಲ್ಯೂಮಿನಿಯಂ ಬರುತ್ತದೆ. ಕಾಸ್ಟಿಕ್‌ನಲ್ಲಿ ಅದನ್ನು ಕಳೆದ ತುಂಡೊಂದು, ಕಳೆಯದ ತುಂಡೊಂದು, ಅದೇ ಲಾಟಿನ ಅದ್ದದ ಉಕ್ಕಿನ ಪಟ್ಟಿ, ಅದ್ದಿದ ದಿನ ಮೂಸೆಯಿಂದ ತೆಗೆದ ಲೋಹದ ಮಾದರಿ, ಮತ್ತು ಕಳಚಿದ ಚೂರು: ಇಷ್ಟನ್ನು ಒಟ್ಟಿಗೆ ಕಳಿಸಿ. ಚೂರಿನ ಯಾವ ಮೈ ಉಕ್ಕಿನ ಕಡೆಯದೆಂದು ಪೊಟ್ಟಣದ ಮೇಲೆ ಬರೆಯಿರಿ.